ಪೆಟ್ಟಿಗೆಗೆ ಬೆಲ್ಲ ನೀರು

ನಾನು ತಯಾರಿಸಿದ ಯಂತ್ರದ ಬಗ್ಗೆ ಬಂದ ಮೊದಲ ದೂರು ಇರುವೆಗಳದ್ದು. ಮಣಿಪಾಲದಲ್ಲಿ ಮೀಟಿಂಗಿನ ನಡುವೆ ಫೋನು ಬಂತು. ಕಾಪುವಿನ ನಮ್ಮ ಮನೆಗೆ ಸಂಬಳಕ್ಕೆ ಬಂದು ಹಗಲಿಡೀ ಅಮ್ಮನನ್ನು ನೋಡಿಕೊಳ್ಳುವ ಎರ್ಮಾಳಿನ ಅಕ್ಕ. "ನಿಮ್ಮ ಪೆಟ್ಟಿಗೆಗೆ ಇರುವೆ ಬಂದಿದೆ ಮಾರಾಯ್ರೆ. ಸಾಲು ಹಿಡಿದು ಒಳಗೆ ಹೋಗ್ತಾ ಉಂಟು. ನಾನು ಮುಟ್ಟುವುದಿಲ್ಲ, ಮತ್ತೆ ಹಾಳಾದರೆ ನನ್ನ ತಲೆಗೆ ಕಟ್ತೀರಿ" ಎಂದರು.

ನಾನು ಕೂತಲ್ಲಿ ಕೂರುವ ಜನ ಅಲ್ಲ. ಮೀಟಿಂಗಿನಲ್ಲಿ ನಿಂತೇ ಮಾತಾಡುತ್ತೇನೆ, ಊಟಕ್ಕೆ ಕೂತರೆ ನಡುವೆ ಎರಡು ಸಲ ಏಳುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಇರುವೆಯ ನೆಪ ಸಿಕ್ಕಿದ್ದೇ ಸಾಕೆಂದು ಸ್ಕೂಟರ್ ಹತ್ತಿದೆ. ಉಡುಪಿಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ, ಕಟಪಾಡಿ ದಾಟಿ ಮನೆಗೆ ಬಂದು ನೋಡಿದರೆ ಚಾವಡಿಯ ಸ್ಟೂಲಿನ ಮೇಲೆ ನನ್ನ ಪೆಟ್ಟಿಗೆ, ಅದರ ಮುಂದೆ ಸ್ಟೀಲಿನ ತಟ್ಟೆಯಲ್ಲಿ ಎರಡು ತುಂಡು ಬೆಲ್ಲ, ಪಕ್ಕದಲ್ಲಿ ಚೊಂಬು ತುಂಬ ನೀರು. ಇನ್ನೊಂದು ತುಂಡನ್ನು ಅಮ್ಮ ಸ್ಪೀಕರಿನ ತೂತುಗಳ ಬಾಯಿಗೇ ಒತ್ತಿಬಿಟ್ಟಿದ್ದಳು.

ಪೆಟ್ಟಿಗೆಯ ಕೆಲಸ ಬಹಳ ಸರಳ. ಹೇಳಿದ ಹೊತ್ತಿಗೆ ಅದು ಮಾತಾಡುತ್ತದೆ. "ಅಮ್ಮಾ, ಮಾತ್ರೆ ತೆಗೆದುಕೊಳ್ಳುವ ಸಮಯವಾಯಿತು. ಅಮ್ಮಾ, ಕತ್ತಲಾಗುತ್ತಿದೆ, ಹೊರಗೆ ಹೋಗಬೇಡಿ." ಮರೆವಿನ ಕಾಯಿಲೆಯವರಿಗೆ, ವಯಸ್ಸಾದವರಿಗೆ ಇಂಥ ಸಾಧನಗಳನ್ನು ಮಾಡುವುದೇ ನನ್ನ ಉದ್ಯೋಗ. ನಾವು ಆರಿಸಿದ ಧ್ವನಿ ಒಬ್ಬ ಸಮಾಧಾನಿ ಗಂಡಸಿನದ್ದು. ಶುದ್ಧ ಕನ್ನಡ, ಅವಸರವಿಲ್ಲ, ಒರಟುತನವಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿ ಒಪ್ಪಿದ ಧ್ವನಿ. ಅದನ್ನು ಮೊದಲು ನಮ್ಮ ಮನೆಯಲ್ಲೇ ಇಟ್ಟು ನೋಡುತ್ತೇನೆಂದು ಹಟ ಹಿಡಿದು ತಂದವಳು ನಾನು.

ಆದರೆ ನಮ್ಮ ಮನೆಯೊಳಗಿನ ಭಾಷೆ ತುಳು. ಕನ್ನಡ ಏನಿದ್ದರೂ ಶಾಲೆಯದ್ದು, ಬ್ಯಾಂಕಿನದ್ದು, ಡಾಕ್ಟರರದ್ದು. ಅಪ್ಪ ಕೃಷಿ ಇಲಾಖೆಯಲ್ಲಿದ್ದಾಗ ಘಟ್ಟದ ಮೇಲಿಂದ ವರ್ಗವಾಗಿ ಬಂದ ಅಧಿಕಾರಿಗಳು ಸಂಜೆ ಹೊತ್ತು ಮನೆಗೆ ಬರುತ್ತಿದ್ದರು. ಅವರೊಂದಿಗೆ ಮಾತ್ರ ಅಮ್ಮ ಕನ್ನಡ ಆಡುತ್ತಿದ್ದಳು, ಒಂದೊಂದು ಮಾತನ್ನೂ ಇಸ್ತ್ರಿ ಹಾಕಿ ಕೊಟ್ಟ ಹಾಗೆ. ಚಾವಡಿಯಲ್ಲಿ ಕನ್ನಡ ಕೇಳಿಸಿತೆಂದರೆ ಅಮ್ಮನ ಲೆಕ್ಕದಲ್ಲಿ ಮನೆಗೆ ಯಾರೋ ಬಂದಿದ್ದಾರೆ. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಉಳಿದ ಮಾತು. ಬುದ್ಧಿಯ ಎಷ್ಟೋ ಕೋಣೆಗಳಲ್ಲಿ ದೀಪ ಆರಿದ್ದರೂ ಇದೊಂದು ಅವಳಿಗೆ ಮರೆತಿರಲಿಲ್ಲ.

"ಮಾತ್ರೆ ತಗೊಂಡರಾ?" ಎಂದು ಅಕ್ಕನನ್ನು ಕೇಳಿದೆ.

"ಎಂತ ತಗೊಳ್ಳುವುದು? ಅದು ಮಾತ್ರೆ ಅಂತ ಹೇಳಿದ ಕೂಡಲೇ ಇವರು 'ಆಗಲಿ ಆಗಲಿ, ನೀವು ಮೊದಲು ಬಾಯಾರಿಕೆಗೆ ಕುಡಿಯಿರಿ' ಅಂತ ಸೆರಗು ಹೊದ್ದುಕೊಂಡು ನಿಲ್ತಾರೆ. ನಾನು ಮಾತ್ರೆ ಹಿಡಿದುಕೊಂಡು ಹೋದರೆ ನನಗೇ ಕಣ್ಣು ಬಿಡ್ತಾರೆ. ಬಂದವರ ಎದುರು ಮದ್ದು ನುಂಗುವುದು ಮರ್ಯಾದೆ ಅಲ್ಲ ಅಂತೆ." ಅಕ್ಕನಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಪೆಟ್ಟಿಗೆಯ ಬೆನ್ನು ಬಿಚ್ಚಿ ಇರುವೆ ಕೊಡವುತ್ತಾ ಕೂತೆ.

ಮಾತ್ರೆಯೇನೋ ಅಕ್ಕ ಹೇಗಾದರೂ ತಿನ್ನಿಸಿಯಾರು. ನನ್ನ ತಲೆಬಿಸಿ ಇದ್ದದ್ದು ಸಂಜೆಯದ್ದು. ಅಮ್ಮ ಬೆಳಗ್ಗೆ ಚೆನ್ನಾಗಿರುತ್ತಾಳೆ. ಬಸಳೆ ಸೋಸುತ್ತಾಳೆ, ರಸ್ತೆಯಲ್ಲಿ ಹೋಗುವವರನ್ನು ಮಾತಾಡಿಸುತ್ತಾಳೆ. ಬಿಸಿಲು ಇಳಿಯತೊಡಗಿತೋ, ಅವಳ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಬಟ್ಟೆಯ ಚೀಲಕ್ಕೆ ಒಂದು ಸೀರೆ, ಬಾಚಣಿಗೆ, ಒಮ್ಮೊಮ್ಮೆ ಟಿ.ವಿ. ರಿಮೋಟು ತುಂಬಿಕೊಂಡು "ಕತ್ತಲಾಗುವ ಮೊದಲು ಅಜೆಕಾರಿಗೆ ಮುಟ್ಟಬೇಕು" ಎಂದು ಹೊರಡುತ್ತಾಳೆ. ಕಾರ್ಕಳದ ಆಚೆಗಿನ ಅಜೆಕಾರು ಅವಳು ಹುಟ್ಟಿದ ಊರು. ಅಲ್ಲಿ ಈಗ ಅವಳನ್ನು ಕಾಯುವವರು ಯಾರೂ ಇಲ್ಲ, ಆ ಮನೆಯೂ ಇಲ್ಲ. ನಮ್ಮ ಗೇಟಿನಿಂದ ನಾಲ್ಕು ಮನೆ ದಾಟಿದರೆ ಹೆದ್ದಾರಿ. ಅಲ್ಲಿ ಲಾರಿಗಳು ಯಾರ ಅಮ್ಮನನ್ನೂ ಕಾಯುವುದಿಲ್ಲ. ಅಕ್ಕ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿ ಬರುವುದರೊಳಗೆ ಇವಳು ಗೇಟು ದಾಟಿರುತ್ತಿದ್ದಳು.

ಗಲ್ಫಿನಲ್ಲಿರುವ ತಮ್ಮನ ಹತ್ತಿರ ಇದಕ್ಕೆ ಒಂದೇ ಪರಿಹಾರ. "ಅಕ್ಕ, ನೀನು ಸುಮ್ಮನೆ ಸಿಟೌಟಿಗೆ ಒಂದು ಗ್ರಿಲ್ ಹಾಕಿಸು. ಬೀಗ ಹಾಕಿದರೆ ಮುಗಿಯಿತಲ್ಲ."

ಮುಗಿಯುವುದಿಲ್ಲ. ಒಂದು ಸಂಜೆ ನಾವು ಎದುರಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ನೋಡಿದ್ದೆವು. ಅಮ್ಮ ಕಿಟಕಿಯ ಸರಳು ಹಿಡಿದು, ದಾರಿಯಲ್ಲಿ ಹೋಗುವವರನ್ನು ಕರೆದು, "ನನ್ನನ್ನು ಇವರು ಕೂಡಿಹಾಕಿದ್ದಾರೆ, ನಾನು ಎಂತ ತಪ್ಪು ಮಾಡಿದ್ದೇನೆ ಕೇಳಿ" ಎಂದು ಅತ್ತಳು. ಬಾಗಿಲು ಬಡಿದು ಬಡಿದು ಅಂಗೈ ಬಾತುಹೋಯಿತು. ಜೀವಮಾನದಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚದ ಹೆಂಗಸು ಅವಳು. ಅವಳನ್ನು ಬೀಗದ ಹಿಂದೆ ಇಡುವುದಿಲ್ಲ ಎಂದು ಆ ದಿನವೇ ತೀರ್ಮಾನಿಸಿದೆ. ತಮ್ಮನಿಗೂ ಹಾಗೆಯೇ ಹೇಳಿದೆ. ಬಾಗಿಲು ತೆರೆದಿರಬೇಕು, ಅಮ್ಮ ಒಳಗಿರಬೇಕು. ನಾನು ಬಿಡಿಸಬೇಕಾಗಿದ್ದ ಲೆಕ್ಕ ಇಷ್ಟೇ.

ಮೊದಲು ಮಾಡಿದ್ದು ಒಂದು ಪದಕ. ಕೊರಳಿಗೆ ಹಾಕಿಕೊಂಡರೆ ಅವಳು ಎಲ್ಲಿದ್ದಾಳೆಂದು ನನ್ನ ಫೋನಿನಲ್ಲಿ ಕಾಣುತ್ತದೆ. ಅಮ್ಮ ಅದನ್ನು ಒಂದು ದಿನ ಹಾಕಿಕೊಂಡು ಮರುದಿನ ಅಪ್ಪನ ಫೋಟೋಕ್ಕೆ ತೊಡಿಸಿದಳು. ಆಮೇಲೆ ನನ್ನ ಫೋನು ತಪ್ಪದೆ, ಬಹಳ ನಿಖರವಾಗಿ, ಅಪ್ಪ ಎಲ್ಲಿಗೂ ಹೋಗಿಲ್ಲ ಎಂದು ತಿಳಿಸುತ್ತಲೇ ಇತ್ತು.

ಪೆಟ್ಟಿಗೆಯ ವಿಷಯದಲ್ಲಿ ನನ್ನ ಸಹೋದ್ಯೋಗಿಗೆ ಒಂದು ಉಪಾಯ ಹೊಳೆಯಿತು. ಪುಣೆಯಿಂದ ಬಂದ ಹುಡುಗಿ, ಧ್ವನಿಯ ತಂತ್ರಜ್ಞಾನದಲ್ಲಿ ಪಳಗಿದವಳು. "ಅಪರಿಚಿತರ ಧ್ವನಿ ಯಾಕೆ? ನಿಮ್ಮದೇ ಧ್ವನಿ ಹಾಕೋಣ, ತುಳುವಿನಲ್ಲಿ" ಎಂದಳು. ನನಗೂ ಸರಿಯೆನಿಸಿತು. ಕಂಬಳಿ ಹೊದೆಸಿದ ಸಣ್ಣ ಕೋಣೆಯಲ್ಲಿ ನಿಂತು ಪುಟಗಟ್ಟಲೆ ತುಳು ವಾಕ್ಯಗಳನ್ನು ಓದಿದೆ. ಕಂಪ್ಯೂಟರು ನನ್ನ ಧ್ವನಿಯನ್ನು ಕಲಿತುಕೊಂಡು ನಾನು ಆಡದ ಮಾತುಗಳನ್ನೂ ಆಡತೊಡಗಿತು. ಕೇಳಿದರೆ ನನಗೇ ಕಿರಿಕಿರಿ. ಎಷ್ಟೊಂದು ಗಡಿಬಿಡಿಯ ಹೆಂಗಸು ಇವಳು, ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾಳೆ. ಹುಡುಗಿ ನಗುತ್ತಾ ಅದರ ವೇಗವನ್ನು ತಗ್ಗಿಸಿದಳು.

ಕೆಲವು ದಿನ ಎಲ್ಲ ಸುಸೂತ್ರ. ಬೆಲ್ಲವೂ ಇಲ್ಲ, ಇರುವೆಯೂ ಇಲ್ಲ. ಪೆಟ್ಟಿಗೆ ನನ್ನ ಧ್ವನಿಯಲ್ಲಿ "ಅಮ್ಮಾ, ಮಾತ್ರೆ ತಿನ್ನು" ಎಂದರೆ ಅಮ್ಮ "ಆಯಿತು ಮಗಾ" ಎಂದು ಬಾಯಿ ತೆರೆಯುತ್ತಿದ್ದಳಂತೆ. ನಾನು ಮಣಿಪಾಲದ ಕಾರಿಡಾರುಗಳಲ್ಲಿ ಹೆಮ್ಮೆಯಿಂದ ಓಡಾಡಿದೆ. ಅಕ್ಕ ಮಾತ್ರ ಒಂದು ಸಲ, "ಇವರು ಮಧ್ಯಾಹ್ನ ಬಚ್ಚಲಿನಲ್ಲಿ, ಮಂಚದ ಅಡಿಯಲ್ಲಿ ಎಂತದೋ ಹುಡುಕ್ತಾ ಇರ್ತಾರೆ" ಎಂದಿದ್ದರು. ಬಾಚಣಿಗೆ ಇರಬೇಕು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನ ಕಂಡಕ್ಟರು. "ಒಬ್ಬರು ಅಜ್ಜಿ ಕಾಪುವಿನಲ್ಲಿ ಹತ್ತಿದ್ದಾರೆ. ಎಲ್ಲಿಗೆ ಅಂತ ಕೇಳಿದರೆ ಮಗಳು ಕರೀತಾ ಇದ್ದಾಳೆ ಅಂತಾರೆ. ಚೀಲದಲ್ಲಿ ನಿಮ್ಮ ನಂಬರ್ ಹೊಲಿದು ಉಂಟು. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿರ್ತೇನೆ, ಬನ್ನಿ." ಅಕ್ಕ ಹೊಲಿದದ್ದು ಅದು. ಅದೇ ಹೊತ್ತಿಗೆ ಅಕ್ಕ ಊರಿಡೀ ಹುಡುಕಿ, ಸಮುದ್ರದ ಬದಿಗೂ ಓಡಿ, ಉಸಿರು ಕಟ್ಟಿಕೊಂಡು ನನಗೆ ಕರೆ ಮಾಡುತ್ತಿದ್ದರು. ನಾನು ಸಹೋದ್ಯೋಗಿಯ ಕಾರಿನಲ್ಲಿ ಕಾರ್ಕಳಕ್ಕೆ ಧಾವಿಸಿದೆ. ದಾರಿಯುದ್ದಕ್ಕೂ ನನ್ನ ಕಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು.

ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಅಮ್ಮ ಚೀಲ ತಬ್ಬಿಕೊಂಡು ಕೂತಿದ್ದಳು. ಕಾಲಲ್ಲಿ ಒಂದೇ ಚಪ್ಪಲಿ. ನನ್ನನ್ನು ಕಂಡದ್ದೇ ಎದ್ದು ಬಂದು ಎರಡೂ ರಟ್ಟೆ ಹಿಡಿದುಕೊಂಡಳು.

"ಎಲ್ಲಿ ಅಡಗಿದ್ದೆ ಮಗಾ? ಬೆಳಗ್ಗಿನಿಂದ ಅಮ್ಮಾ ಅಮ್ಮಾ ಅಂತ ಕರೀತಾನೇ ಇದ್ದೀಯ. ಕೋಣೆಯಲ್ಲಿ ನೋಡಿದೆ, ಬಾವಿಗೂ ಬಗ್ಗಿ ನೋಡಿದೆ. ಕಾಣುವುದೇ ಇಲ್ಲ. ನಿನಗೆ ಎಂತ ಆಯಿತು ಅಂತ ಎದೆ ಒಡೆದುಹೋಯಿತು."

ಬಾವಿಗೆ ಬಗ್ಗಿ ನೋಡಿದೆ ಎಂಬ ಮಾತು ಕೇಳಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಆವತ್ತು ಅಜೆಕಾರಿಗೆ ಹೊರಟವಳೇ ಅಲ್ಲ, ನನ್ನನ್ನು ಹುಡುಕಿ ಹೊರಟವಳು. ಅವಳನ್ನು ಮನೆಯೊಳಗೆ ಇಡಲೆಂದು ನಾನು ಕೊಟ್ಟ ಧ್ವನಿಯೇ ಅವಳನ್ನು ಹೊರಗೆ ಎಳೆದಿತ್ತು. ಮನೆಗೆ ಬಂದವಳೇ ಪೆಟ್ಟಿಗೆಯ ವಯರು ಕಿತ್ತು ಮಂಚದ ಅಡಿಗೆ ತಳ್ಳಿದೆ. ಅಮ್ಮ ನಿದ್ದೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ತಮ್ಮನಿಗೆ ವಿಷಯ ಮುಚ್ಚಿಡಲಾಗಲಿಲ್ಲ. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. "ಅಕ್ಕ, ನಿನ್ನ ಪ್ರಯೋಗ ಸಾಕು. ಅವಳು ನನಗೂ ಅಮ್ಮ ಅಲ್ವಾ?" ಎಂದ. ಅಲ್ಲಿಂದಲೇ ಫೋನಿನಲ್ಲಿ ವೆಲ್ಡಿಂಗಿನವನನ್ನು ಗೊತ್ತುಮಾಡಿದ. ಭಾನುವಾರ ಅಳತೆಗೆ ಬರುತ್ತಾನೆ ಎಂದ. ನಾನು ಹೂಂ ಎಂದೆ. ಬೇಡ ಎನ್ನಲು ನನ್ನ ಹತ್ತಿರ ಕಾರಣ ಉಳಿದಿರಲಿಲ್ಲ.

ಭಾನುವಾರ ಅಕ್ಕನಿಗೆ ರಜೆ. ನಾನು ಮನೆಯಲ್ಲಿದ್ದರೂ ಒಳಗೊಮ್ಮೆ ಹೊರಗೊಮ್ಮೆ ತಿರುಗುತ್ತಿದ್ದೆ, ಕುಕ್ಕರ್ ಇಟ್ಟು ಮರೆಯುತ್ತಿದ್ದೆ. ಬಿಸಿಲು ಇಳಿಯುತ್ತಿದ್ದಂತೆ ಅಮ್ಮನೂ ಶುರುಮಾಡಿದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ನಿಂತ ನೆಲ ಸುಡುತ್ತಿತ್ತು. ಅವಳು ಚೀಲ ತುಂಬಿಕೊಂಡು ಹೊಸ್ತಿಲಿಗೆ ಬಂದಳು. ತಡೆಯಲೆಂದು ನಾನು ಹಿಂದೆಯೇ ಬಂದೆ. ಅಷ್ಟರಲ್ಲಿ ಗೇಟು ತೆರೆದುಕೊಂಡು ವೆಲ್ಡಿಂಗಿನವನು ಬಂದ, ಕೈಯಲ್ಲಿ ಟೇಪು.

"ಅಮ್ಮಾರ, ಅಳತಿ ತಗೊಳ್ಳಾಕ ಬಂದೀನ್ರಿ" ಎಂದ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವನು, ತುಳು ಬಾರದು.

ಅಮ್ಮ ನಿಂತಳು. ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ, ಅವನಿಗೆ ಕಾಣದ ಹಾಗೆ, ಬಾಗಿಲಿನ ಹಿಂದೆ ಇಟ್ಟಳು. ಸೆರಗು ಸರಿಮಾಡಿಕೊಂಡಳು. "ಬನ್ನಿ, ಬನ್ನಿ. ದೂರದಿಂದ ಬಂದಿದ್ದೀರಿ. ಕೂತುಕೊಳ್ಳಿ, ಇವರು ಈಗ ಬರ್ತಾರೆ" ಎಂದು ಕನ್ನಡದಲ್ಲಿ ಹೇಳಿ ಒಳಗೆ ನಡೆದಳು. ಇವರು ಎಂದರೆ ಅಪ್ಪ. ಬೆಲ್ಲ ನೀರು ಬಂತು. ಪಾಪ ಅವನು ಟೇಪು ಬಿಚ್ಚಲು ಎದ್ದಾಗಲೆಲ್ಲ ಅಮ್ಮ "ಕೂತುಕೊಳ್ಳಿ, ಎಂತ ಅವಸರ?" ಎಂದು ಕೂರಿಸಿದಳು. ಅವನ ಊರಿನ ಜೋಳದ ಬೆಳೆ ಹೇಗಿದೆ ಎಂದು ವಿಚಾರಿಸಿದಳು. ಹೊರಗೆ ಪೂರ್ತಿ ಕತ್ತಲಾಯಿತು. ಅಜೆಕಾರಿನ ಸುದ್ದಿ ಅವಳ ಬಾಯಲ್ಲಿ ಬರಲೇ ಇಲ್ಲ.

ನಾನು ಬಾಗಿಲಿನ ಹಿಂದಿನ ಚೀಲವನ್ನೇ ನೋಡುತ್ತಾ ನಿಂತಿದ್ದೆ. ಸಣ್ಣವಳಿದ್ದಾಗ ಎಷ್ಟು ಸಲ ಇದನ್ನು ಕಂಡಿಲ್ಲ. ಮದುವೆಗೋ ಪೂಜೆಗೋ ನಾವೆಲ್ಲ ಹೂ ಮುಡಿದು ಹೊರಟು ನಿಂತಿರುತ್ತಿದ್ದೆವು, ಆಗ ಅಪ್ಪನನ್ನು ಕೇಳಿಕೊಂಡು ಯಾರಾದರೂ ಅಧಿಕಾರಿ ಬರುತ್ತಿದ್ದರು. ಅಮ್ಮ ಚೀಲವನ್ನು ಬಾಗಿಲಿನ ಹಿಂದೆ ಇಡುತ್ತಿದ್ದಳು. ನಾವು ಹೊರಟಿದ್ದೇವೆ ಎಂದು ಬಂದವರಿಗೆ ತಿಳಿಯಬಾರದು, ಹೊತ್ತಲ್ಲದ ಹೊತ್ತಿಗೆ ಬಂದೆನೆಂದು ಅವರಿಗೆ ಅನಿಸಬಾರದು. ನಾನು ಕಾಲು ಬಡಿದರೆ ತೊಡೆ ಚಿವುಟುತ್ತಿದ್ದಳು. ಬಂದವರು ಏಳುವ ತನಕ ಮನೆಯವರು ಹೊಸ್ತಿಲು ದಾಟುವುದೆಂಬುದು ಅವಳ ಮಟ್ಟಿಗೆ ಆಗದ ಮಾತು. ಅದೇ ಕಟ್ಟಳೆ ಈಗಲೂ ಅವಳನ್ನು ಹಿಡಿದು ನಿಲ್ಲಿಸಿತ್ತು, ಯಾವ ಬೀಗವೂ ಇಲ್ಲದೆ.

ವೆಲ್ಡಿಂಗಿನವನು ಅಳತೆ ತೆಗೆಯದೆಯೇ ಹೋದ. ಪೆಟ್ರೋಲಿಗೆಂದು ಏನೋ ಕೊಟ್ಟು, ನಾನೇ ಫೋನ್ ಮಾಡುತ್ತೇನೆ ಎಂದೆ.

ಮರುದಿನ ಪೆಟ್ಟಿಗೆಯನ್ನು ಮಂಚದ ಅಡಿಯಿಂದ ಎಳೆದೆ. ನನ್ನ ಧ್ವನಿಯನ್ನು ಅಳಿಸಿ ಹಳೆಯ ಸಮಾಧಾನಿ ಗಂಡಸನ್ನು ಮರಳಿ ಕರೆದೆ. ಹೊಸ್ತಿಲಿನ ಬದಿಗೆ ಸೆನ್ಸರ್ ಕೂರಿಸಿದೆ. ಸಂಜೆ ಯಾರಾದರೂ ಹೊರಗಿನ ಕಡೆ ಹೆಜ್ಜೆ ಇಟ್ಟರೆ ಪೆಟ್ಟಿಗೆ ಕೇಳಬೇಕು: "ಅಮ್ಮಾ, ಕುಡಿಯಲಿಕ್ಕೆ ಸ್ವಲ್ಪ ನೀರು ಸಿಗಬಹುದೇ?" ಹೋಗಬೇಡಿ ಎನ್ನುವುದು ಬೇಡ, ಕತ್ತಲು ಎನ್ನುವುದೂ ಬೇಡ. ಸ್ಟೂಲಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟೆ, ಇರುವೆಗೆ. ಮಾತ್ರೆಯ ಹೊಣೆಯನ್ನು ಪೆಟ್ಟಿಗೆಯಿಂದ ತೆಗೆದು ಅಕ್ಕನಿಗೇ ಒಪ್ಪಿಸಿದೆ.

ಪುಣೆಯ ಹುಡುಗಿಗೆ ಇದು ಹಿಡಿಸಲಿಲ್ಲ. "ಇಲ್ಲದ ಅತಿಥಿಯನ್ನು ತೋರಿಸಿ ಒಬ್ಬ ವೃದ್ಧೆಯನ್ನು ನಂಬಿಸುವುದು ಮೋಸವಲ್ಲವೇ?" ಎಂದು ಎಲ್ಲರೆದುರು ಕೇಳಿದಳು. ನಾನು ಜಗಳ ಆಡಿದೆ. ಬೀಗವೂ ಮೋಸವೇ, ಮಗಳಿಲ್ಲದೆ ಮಗಳ ಧ್ವನಿ ಕೇಳಿಸಿದ್ದಂತೂ ಮೋಸದ ಅಪ್ಪ ಎಂದೆ. ದನಿ ಏರಿತು. ಆದರೆ ಅವಳ ಪ್ರಶ್ನೆ ನನ್ನ ಜೊತೆ ಸ್ಕೂಟರ್ ಹತ್ತಿ ಕಾಪುವಿನ ತನಕ ಬಂತು, ಇಂದಿಗೂ ಇಳಿದಿಲ್ಲ.

ಉಪಾಯ ಪ್ರತಿದಿನ ನಡೆಯುತ್ತದೆ ಎಂದಲ್ಲ. ಕೆಲವು ಸಂಜೆ ಅಮ್ಮ "ನೀರು ಅಲ್ಲೇ ಉಂಟು, ಕುಡಿಯಿರಿ" ಎಂದು ಹೊರಟೇಬಿಡುತ್ತಾಳೆ. ಅಂಥ ದಿನ ಅಕ್ಕ ಹಿಂದೆ ಓಡಬೇಕು. ಅಕ್ಕ ಕಸ ಬಿಸಾಡಲು ಹೊರಟರೂ ಪೆಟ್ಟಿಗೆ ನೀರು ಕೇಳುತ್ತದೆ. "ನಿನಗೆ ನೀರು ಕೊಟ್ಟು ಸಾಕಾಯಿತು ಮಾರಾಯ" ಎಂದು ಅವರು ಅದಕ್ಕೆ ಬೈಯುತ್ತಾರೆ. ಆದರೂ ಹೆಚ್ಚಿನ ಸಂಜೆಗಳಲ್ಲಿ ನಾನು ಬರುವಾಗ ಅಮ್ಮ ಚಾವಡಿಯಲ್ಲಿ, ಪೆಟ್ಟಿಗೆಯ ಎದುರು, ಕೈಕಟ್ಟಿ ಕೂತಿರುತ್ತಾಳೆ. ಚೀಲ ಬಾಗಿಲಿನ ಹಿಂದೆ ಇರುತ್ತದೆ. ತಮ್ಮ ಗ್ರಿಲ್ಲಿನ ಮಾತು ಎತ್ತುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾನೆ. ಬಾಗಿಲು ತೆರೆದೇ ಇದೆ.

ಮೊನ್ನೆ ಕರೆಂಟು ಹೋಗಿತ್ತು. ಪೆಟ್ಟಿಗೆಯ ಬ್ಯಾಟರಿಯನ್ನು ರಿಪೇರಿಗೆಂದು ನಾನೇ ಮಣಿಪಾಲಕ್ಕೆ ಒಯ್ದಿದ್ದೆ. ಅದು ನೆನಪಾದದ್ದು ಕಟಪಾಡಿಯಲ್ಲಿ, ಅಂಗಡಿಗಳ ದೀಪ ಆರಿದ್ದು ಕಂಡಾಗ. ಗೇಟಿನ ಹೊರಗೆ ಸ್ಕೂಟರನ್ನು ಹಾಗೇ ಬಿಟ್ಟು ಓಡಿದೆ. ಅಮ್ಮ ಚೀಲ ಹಿಡಿದು ಹೊಸ್ತಿಲಿನ ಮೇಲೆ ನಿಂತಿದ್ದಳು, ಒಂದು ಕಾಲು ಹೊರಗೆ. ಹಿಂದಿನಿಂದ ಅಕ್ಕನೂ ಓಡಿ ಬರುತ್ತಿದ್ದರು.

ಅಮ್ಮ ನನ್ನನ್ನು ನೋಡಿದಳು. ಹೊರಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಚೀಲವನ್ನು ಮೆಲ್ಲಗೆ ಬಾಗಿಲಿನ ಹಿಂದೆ ಇಟ್ಟಳು. ಸೆರಗು ಸರಿಮಾಡಿಕೊಂಡಳು.

"ಬನ್ನಿ, ಬನ್ನಿ" ಎಂದಳು. ಕನ್ನಡದಲ್ಲಿ.

ಹುಟ್ಟಿದಂದಿನಿಂದ ಅಮ್ಮ ನನ್ನೊಂದಿಗೆ ಕನ್ನಡ ಆಡಿದವಳಲ್ಲ. ತುಳುವಿನಲ್ಲಿ "ಅಮ್ಮಾ, ನಾನು" ಎನ್ನಲು ಬಾಯಿ ತೆರೆದೆ. ಚೀಲದ ಕಿವಿ ಬಾಗಿಲಿನ ಸಂದಿಯಿಂದ ಕಾಣುತ್ತಿತ್ತು. ಬಂದವಳು ಮನೆಯವಳೇ ಎಂದಾದರೆ ಅವಳು ಅದನ್ನು ಮತ್ತೆ ಎತ್ತಿಕೊಂಡಾಳು ಎಂದು ಹೆದರಿ ಬಾಯಿ ಮುಚ್ಚಿದೆ. ಅವಳು ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಟ್ಟಳು. ಅಕ್ಕ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

"ಮಗಳು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಈಗ ಬರುವ ಹೊತ್ತಾಯಿತು" ಎಂದಳು ಅಮ್ಮ, ಒಂದೊಂದು ಮಾತನ್ನೂ ಜೋಪಾನವಾಗಿ ಎತ್ತಿಡುತ್ತಾ. "ಅವಳು ಕೂತಲ್ಲಿ ಕೂರುವವಳಲ್ಲ. ಬಂದರೂ ನನ್ನ ಹತ್ತಿರ ಎರಡು ನಿಮಿಷ ಕೂತುಕೊಳ್ಳುವುದಿಲ್ಲ. ನೀವಾದರೂ ಕೂತುಕೊಳ್ಳಿ. ನಿಮಗೆ ಅವಸರ ಇಲ್ಲ ಅಲ್ವಾ?"

ಸ್ಕೂಟರಿನ ಕೀ ಇನ್ನೂ ಗಾಡಿಯಲ್ಲೇ ಇತ್ತು. ಫೋನು ನನ್ನ ಬ್ಯಾಗಿನೊಳಗೆ ಗುರುಗುಟ್ಟುತ್ತಿತ್ತು. ನಾನು ಕುರ್ಚಿ ಎಳೆದು ಅಮ್ಮನ ಎದುರು ಕೂತೆ.

"ಇಲ್ಲಮ್ಮ" ಎಂದೆ, ಕನ್ನಡದಲ್ಲಿಯೇ. "ನನಗೆ ಅವಸರ ಏನೂ ಇಲ್ಲ."